ಪಹಣಿ ಇಲ್ಲದವರ ಕಂಪನಿ

2021ರ ಮಾರ್ಚ್. ಜಗಲಿ ಮೇಲೆ ಅಜ್ಜಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದಳು. ಮುಂದೆ ಚಪ್ಪಟೆ ಕಲ್ಲು, ಬಲಗೈಲಿ ಗಿಡ್ಡ ಸುತ್ತಿಗೆ. ಒಂದೇ ಏಟಿಗೆ ಬೀಜ ಹೊರಗೆ ಬರುತ್ತಿತ್ತು, ತಿರುಳು ಹರಿಯುತ್ತಿರಲಿಲ್ಲ. ಕೂರುವ ಮುಂಚೆ ಕೈಗೆ ಹರಳೆಣ್ಣೆ ಸವರಿಕೊಳ್ಳುವುದು ಅವಳ ರೂಢಿ. ಆದರೂ ಹುಳಿ ತಿಂದು ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ರಾತ್ರಿ ಊಟಕ್ಕೆ ಕೂತಾಗ ಸಾರಿನ ಖಾರ ತಾಗಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಮತ್ತೆ ಮುದ್ದೆ ಮುರಿಯುತ್ತಿದ್ದಳು.

ನಮ್ಮೂರು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನಲ್ಲಿದೆ. ನನಗಾಗ 23 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ವರ್ಕ್‌ಶಾಪಿನ ಲೆಕ್ಕ ಬರೆಯುತ್ತಿದ್ದೆ. ಲಾಕ್‌ಡೌನ್ ಬಂತು, ವರ್ಕ್‌ಶಾಪ್ ಮುಚ್ಚಿತು, ಊರಿಗೆ ವಾಪಸ್ ಬಂದೆ. ಲೆಕ್ಕ ಬರೆಯುವ ಅಭ್ಯಾಸ ಮಾತ್ರ ಕೈ ಬಿಟ್ಟಿರಲಿಲ್ಲ. ಅಜ್ಜಿ ಪಕ್ಕ ಕೂತು ಒಂದು ದಿನದ ಲೆಕ್ಕ ಬರೆದೆ. ಬೆಳಗ್ಗೆಯಿಂದ ಸಂಜೆವರೆಗೆ ಕುಟ್ಟಿದರೆ ಹೆಚ್ಚುಕಡಿಮೆ 11 ಕೆಜಿ ತಿರುಳು. ಕೆಜಿಗೆ ಸಿಗುವ ಕೂಲಿ 12 ರೂಪಾಯಿ. ಅಲ್ಲಿಗೆ ದಿನಕ್ಕೆ 132 ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರೆ ಸಿಗುತ್ತಿದ್ದುದೇ 275.

ಅದನ್ನು ಅಜ್ಜಿಗೆ ಓದಿ ಹೇಳಿದೆ. ಅವಳು ಸುತ್ತಿಗೆ ನಿಲ್ಲಿಸಲಿಲ್ಲ. “ಲೆಕ್ಕ ಹಾಕಿ ಏನ್ ಮಾಡ್ತೀಯವ್ವ? ಹಣ್ಣು ಅವರ್ದು, ತಕ್ಕಡಿ ಅವರ್ದು. ನಮ್ದು ಕೈ ಅಷ್ಟೆ” ಅಂದಳು.

ನಮ್ಮ ಕಡೆ ಹುಣಸೆ ವ್ಯಾಪಾರ ಹೇಗೆ ನಡೆಯುತ್ತೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದ ಶುರುವಿಗೆ ಮರ ಹೂ ಬಿಡುತ್ತೆ. ಬಿತ್ತನೆಗೆ, ಸ್ಕೂಲ್ ಫೀಸಿಗೆ ಎಲ್ಲರಿಗೂ ದುಡ್ಡು ಬೇಕಾಗುವುದೂ ಆಗಲೇ. ವ್ಯಾಪಾರಿ ಬಂದು ಹೂವಿನಲ್ಲೇ ಮರವನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಕುಟ್ಟುವ ಹೆಂಗಸರಿಗೂ ಆಗಲೇ ಮುಂಗಡ ಕೊಟ್ಟಿಡುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಹಣ್ಣು ಬಡಿಯುವವರು ಬರುತ್ತಾರೆ, ಚೀಲಗಳು ಮನೆ ಮನೆಗೆ ಬಂದು ಬೀಳುತ್ತವೆ. ಕುಟ್ಟಿದ ತಿರುಳು ತುಮಕೂರಿನ ಮಾರುಕಟ್ಟೆಗೋ ಕೋಲ್ಡ್ ಸ್ಟೋರೇಜಿಗೋ ಹೋಗುತ್ತೆ. ಹುಣಸೆ ಬಿಸಿಲಿಗೆ ಕಪ್ಪಾಗುತ್ತೆ, ತಣ್ಣಗಿಟ್ಟರೆ ಕೆಂಪು ಬಣ್ಣ ಉಳಿಯುತ್ತೆ. ಸುಗ್ಗಿ ಮುಗಿದು ಬೆಲೆ ಏರುವವರೆಗೆ ಸರಕನ್ನು ತಣ್ಣಗಿಟ್ಟು ಕಾಯಲು ಯಾರಿಗೆ ಆಗುತ್ತೋ ಲಾಭ ಅವರದು. ಮರದವರಿಗೆ ಕಾಯಲು ಆಗಲ್ಲ. ಕುಟ್ಟುವವರಿಗೆ ಅದು ಕನಸಿನ ಮಾತು.

ಊರಿಗೆ ವಾಪಸ್ ಬಂದ ಆರು ಜನ ನಾವು ಒಟ್ಟಿಗೆ ಸೇರಿದೆವು. ಒಬ್ಬ ಐಟಿಐ ಮಾಡಿದವನು, ಇನ್ನೊಬ್ಬನ ಹತ್ತಿರ ಗೂಡ್ಸ್ ಆಟೋ ಇತ್ತು, ಒಬ್ಬಳು ಗಾರ್ಮೆಂಟ್ಸ್ ಬಿಟ್ಟು ಬಂದಿದ್ದಳು. ಎಲ್ಲರೂ 20ರಿಂದ 27ರೊಳಗಿನವರು. ಮೊದಲು ಹೊಳೆದಿದ್ದು ಎಲ್ಲರಿಗೂ ಹೊಳೆಯುವಂಥದ್ದೇ: ಪ್ಯಾಕೆಟ್ ಮಾಡಿ ವಾಟ್ಸಾಪಿನಲ್ಲಿ ಮಾರುವುದು. ಒಂದಷ್ಟು ಹಣ್ಣು ಕೊಂಡು, ಕಾಲೋನಿಯ ಹೆಂಗಸರ ಕೈಲಿ ಕುಟ್ಟಿಸಿ, ಬೆಂಗಳೂರಿನ ಗೆಳೆಯರಿಗೆ 40 ಕೆಜಿ ಮಾರಿದೆವು. ಲಾಭವೂ ಬಂತು. ಕೂಲಿ ಕೊಡಲು ಹೋದಾಗ ನಾನು ‘ದೊಡ್ಡಮ್ಮ’ ಅಂತ ಕರೆಯುವ ಒಬ್ಬರು ದುಡ್ಡು ಎಣಿಸಿ, ಸೆರಗಿಗೆ ಕಟ್ಟಿಕೊಂಡು ಕೇಳಿದರು: “ನೀವೂ ಹನ್ನೆರಡೇ ಕೊಟ್ರಿ. ಸಾವ್ಕಾರ್ರಿಗೂ ನಿಮಗೂ ಏನವ್ವ ವ್ಯತ್ಯಾಸ? ಅವರು ವಯಸ್ಸಾದೋರು, ನೀವು ಹುಡುಗ್ರು, ಅಷ್ಟೇ ಅಲ್ವಾ?”

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ರಾತ್ರಿ ನಿದ್ದೆಯೂ ಬರಲಿಲ್ಲ. ನಾವು ಸಣ್ಣ ಸಾವ್ಕಾರರಾಗಲು ಹೊರಟಿದ್ದೆವು. ಯುವಕರು ಉದ್ಯಮಿಗಳಾಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾರ ಬೆವರಿನ ಮೇಲೆ, ಯಾರನ್ನು ಕೇಳಿ, ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಮಧುಗಿರಿಯಲ್ಲಿ ಸಹಕಾರ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ಮನೆಗೆ ಆರೂ ಜನ ಹೋದೆವು. ಅವರು ಕಾಫಿ ಕೊಟ್ಟು ಮೊದಲು ಕೇಳಿದ್ದು, “ಗದಗ ಹತ್ರ ಕಣಗಿನಹಾಳ ಅಂತ ಊರಿದೆ, ಗೊತ್ತಾ?” ಅಂತ. ನಮಗೆ ಗೊತ್ತಿರಲಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಅಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. “ನೂರು ವರ್ಷದ ಹಿಂದೆ ನಮ್ಮೋರೇ ದಾರಿ ಮಾಡಿದ್ದಾರೆ, ಹೊಸದಾಗಿ ಕಾಡು ಕಡಿಯೋದು ಬೇಡ” ಅಂದರು.

ಅವರೇ ಮೂರು ದಾರಿ ತೋರಿಸಿದರು. 1959ರ ಕಾಯ್ದೆಯ ಸಹಕಾರ ಸಂಘ, 1997ರ ಕಾಯ್ದೆಯ ಸೌಹಾರ್ದ ಸಹಕಾರಿ, ಇಲ್ಲವಾದರೆ ಪ್ರೊಡ್ಯೂಸರ್ ಕಂಪನಿ, ಅಂದರೆ ಉತ್ಪಾದಕರೇ ಸೇರಿ ನಡೆಸುವ ಕಂಪನಿ. ಮೂರನೆಯದರ ಹೆಸರನ್ನು ನಾನು ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಅಂತ ಕೇಳಿದ್ದೆ, ಒಳಗೇನಿದೆ ಅಂತ ತಿಳಿದಿರಲಿಲ್ಲ. ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಸಮಿತಿ ಹೇಳಿದ ಮೇಲೆ 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ಅವಕಾಶ ಮಾಡಿಕೊಟ್ಟರಂತೆ. ಹತ್ತು ಜನ ಉತ್ಪಾದಕರು ಇದ್ದರೆ ಸಾಕು, ಕಂಪನಿ ಕಟ್ಟಬಹುದು. ಕನಿಷ್ಠ ಐದು ಜನ ನಿರ್ದೇಶಕರು ಇರಬೇಕು. ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ಓಟು. ಈ ಕೊನೆಯ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೀಟು ಎಳೆದೆ.

ಊರಲ್ಲಿ ಮೊದಲ ಸಭೆ ಕರೆದಿದ್ದು ದೇವಸ್ಥಾನದ ಮುಂದಿನ ಕಟ್ಟೆಯಲ್ಲಿ. ಅದು ನಮ್ಮ ತಪ್ಪು. ಊರ ಸಭೆ ಅಂದರೆ ಕಟ್ಟೆ ಅಂತ ಯೋಚನೆ ಮಾಡದೆ ಕರೆದುಬಿಟ್ಟಿದ್ದೆವು. ಮರ ಇರುವ ಗಂಡಸರು ಬಂದು ಕಟ್ಟೆ ಮೇಲೆ ಕೂತರು. ಕಾಲೋನಿಯ ಹೆಂಗಸರು ಬಂದರು, ಆದರೆ ರಸ್ತೆಯ ಆಚೆ ಬದಿಯಲ್ಲೇ ನಿಂತರು. ಅಲ್ಲಿಂದ ಮಾತು ಕೇಳಿಸುತ್ತಿರಲಿಲ್ಲ. ಹತ್ತಿರ ಬನ್ನಿ ಅಂತ ಕರೆದೆ. ಯಾರೂ ಕದಲಲಿಲ್ಲ, ಕಟ್ಟೆ ಮೇಲಿದ್ದವರೂ ಏನೂ ಹೇಳಲಿಲ್ಲ. ಸಭೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಮುಂದಿನ ಭಾನುವಾರ ಸರ್ಕಾರಿ ಶಾಲೆಯ ವರಾಂಡದಲ್ಲಿ ನೆಲದ ಮೇಲೆ ಟಾರ್ಪಾಲ್ ಹಾಸಿದೆವು. ಎಲ್ಲರೂ ಒಂದೇ ಟಾರ್ಪಾಲಿನ ಮೇಲೆ ಕೂರಬೇಕು ಅಂತ ಮೊದಲೇ ಹೇಳಿ ಕಳಿಸಿದ್ದೆವು. ನಾಲ್ಕು ಜನ ಗಂಡಸರು ಬಾಗಿಲವರೆಗೂ ಬಂದು ಹಾಗೇ ವಾಪಸ್ ಹೋದರು. ಉಳಿದವರು ಕೂತರು.

ಆ ಸಭೆಯಲ್ಲೇ ಪಹಣಿಯ ಮಾತು ಬಂತು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಇದರಲ್ಲಿ ಸೋತಿದ್ದರೆ ಮುಂದಿನದ್ದೆಲ್ಲ ಬರೀ ಕಾಗದವಾಗುತ್ತಿತ್ತು.

ನನ್ನ ದೊಡ್ಡಪ್ಪ ಎದ್ದು ನಿಂತು, ಸದಸ್ಯರಾಗುವವರು ಪಹಣಿ ತರಬೇಕು ಅಂದರು. ಅವರಿಗೆ ಏಳು ಮರ ಇದೆ, ಒಳ್ಳೆಯ ಮನುಷ್ಯರು, ನಮ್ಮ ಕೆಲಸಕ್ಕೆ ಮೊದಲು ಬೆನ್ನು ತಟ್ಟಿದವರು. “ರೈತರ ಕಂಪನಿ ಅಂದ್ಮೇಲೆ ರೈತರು ಇರ್ಬೇಕಲ್ವೇನಮ್ಮ? ಜಮೀನಿಲ್ದೋರಿಗೆ ಓಟು ಕೊಟ್ರೆ ನಾಳೆ ಕೂಲಿ ಜಾಸ್ತಿ ಮಾಡಿ ಅಂತಾರೆ. ಕಂಪನಿ ಮುಳುಗುತ್ತೆ” ಅಂದರು. ಬಹಳ ಜನ ತಲೆ ಆಡಿಸಿದರು.

ಆಗ ಲೆಕ್ಕ ಹಾಕಿ ನೋಡಿದೆ. ಪಹಣಿ ಬೇಕು ಅಂದರೆ ಅಜ್ಜಿ ಸದಸ್ಯಳಲ್ಲ. ಅಮ್ಮ ಅಲ್ಲ. ಕುಟ್ಟುವ ಹೆಂಗಸರಲ್ಲಿ ಒಬ್ಬರೂ ಅಲ್ಲ. ಕಂಪನಿ ಕಟ್ಟಲು ಓಡಾಡುತ್ತಿದ್ದ ನಾವು ಆರು ಜನರೂ ಅಲ್ಲ! ನಮ್ಮ ಮನೆಗೆ ಎರಡೂಕಾಲು ಎಕರೆ ಹೊಲ ಇದೆ. ಪಹಣಿಯಲ್ಲಿ ಇವತ್ತಿಗೂ ಇರುವುದು ಮುತ್ತಜ್ಜನ ಹೆಸರು. ಪೌತಿ ಖಾತೆ ಮಾಡಿಸಲು, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಲು, ಅಪ್ಪ ಮತ್ತು ಚಿಕ್ಕಪ್ಪಂದಿರ ನಡುವೆ ಮಾತು ಮುಗಿದಿಲ್ಲ. ಹಳ್ಳಿಯ ಯುವಕರಲ್ಲಿ ಎಷ್ಟು ಜನರ ಕಥೆ ಇದೇ ಅಲ್ವಾ? ಹೊಲದಲ್ಲಿ ಕೆಲಸ ಮಾಡುವಾಗ ರೈತರು, ಕಾಗದದಲ್ಲಿ ಯಾರೂ ಅಲ್ಲ. ಫಾರಂ ತುಂಬುವುದಕ್ಕೆ, ಆನ್‌ಲೈನ್ ಹಾಕುವುದಕ್ಕೆ, ಬೈಕಿನಲ್ಲಿ ತಾಲ್ಲೂಕು ಕಚೇರಿಗೆ ಹೋಗಿ ಬರುವುದಕ್ಕೆ ನಾವು ಬೇಕು. ಸಹಿ ಹಾಕುವುದು, ತೀರ್ಮಾನ ಮಾಡುವುದು ಮಾತ್ರ ಬೇರೆಯವರು.

ನಿವೃತ್ತ ಅಧಿಕಾರಿಗಳ ಹತ್ತಿರ ಮತ್ತೆ ಹೋಗಿ ಕಾಯ್ದೆಯ ಪುಟ ತಂದೆ. ಮುಂದಿನ ಸಭೆಯಲ್ಲಿ ಅದನ್ನು ಕನ್ನಡಕ್ಕೆ ಬಿಡಿಸಿ ಜೋರಾಗಿ ಓದಿದೆ. ಕಾಯ್ದೆಯಲ್ಲಿ ಜಮೀನುದಾರ ಅನ್ನುವ ಮಾತೇ ಇಲ್ಲ. ಉತ್ಪಾದಕ ಅಂದರೆ ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಪಟ್ಟ ಯಾವುದೇ ಕೆಲಸದಲ್ಲಿ ತೊಡಗಿರುವ ವ್ಯಕ್ತಿ. ಬೆಳೆಯುವವರೂ ಸರಿ, ಕುರಿ ಸಾಕುವವರೂ ಸರಿ, ಜೇನು ಸಾಕುವವರೂ ಸರಿ. ಹಾಗಿದ್ದರೆ ಹುಣಸೆ ಕುಟ್ಟುವವರು ಯಾಕೆ ಅಲ್ಲ?

ಸಭೆ ಗದ್ದಲವಾಯಿತು. ಅದನ್ನು ತಣ್ಣಗೆ ಮಾಡಿದ್ದು ನಾನಲ್ಲ, ಕಾಯ್ದೆಯೂ ಅಲ್ಲ. ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ, ಅವತ್ತು ನಮ್ಮನ್ನು ಪ್ರಶ್ನೆ ಮಾಡಿದವರೇ, ಕೂತಲ್ಲಿಂದಲೇ ಹೇಳಿದರು: “ಡೇರಿಗೆ ಹಾಲು ಹಾಕೋಕೆ ಪಹಣಿ ಕೇಳ್ತಾರಾ? ಹಸ ಇದ್ರೆ ಆಯ್ತು. ನಮಗೂ ಕೈ ಐತೆ.”

ಊರಿನ ಹಾಲಿನ ಡೇರಿ ಎಲ್ಲರಿಗೂ ಗೊತ್ತು. ಬೆಳಗ್ಗೆ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುತ್ತಾರೆ. ಸೈಟಷ್ಟೂ ಜಾಗ ಇಲ್ಲದವರೂ ಅಲ್ಲಿ ಸದಸ್ಯರು. ದೊಡ್ಡಪ್ಪನೂ ಅದೇ ಡೇರಿಗೆ ಹಾಲು ಹಾಕುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು, ಆದ್ರೆ ಹಣ್ಣಿನ ಬೆಲೆ, ಕುಟ್ಟೋ ಕೂಲಿ ಎರಡೂ ಒಂದೇ ಸಭೇಲಿ, ಎಲ್ಲರ ಮುಂದೆ ತೀರ್ಮಾನ ಆಗ್ಬೇಕು” ಅಂದರು. ಅದು ನ್ಯಾಯವಾದ ಮಾತು. ಮರದವರಿಗೆ ಹಣ್ಣಿನ ಬೆಲೆ ಏರಬೇಕು, ಕುಟ್ಟುವವರಿಗೆ ಕೂಲಿ ಏರಬೇಕು. ಇಬ್ಬರ ಹಿತ ಎಲ್ಲ ಕಡೆಯೂ ಒಂದೇ ಅಲ್ಲ. ಒಂದೇ ಅಂತ ನಾಟಕ ಮಾಡುವುದಕ್ಕಿಂತ ಒಂದೇ ಟಾರ್ಪಾಲಿನ ಮೇಲೆ ಕೂತು ಜಗಳ ಆಡುವುದು ಒಳ್ಳೆಯದು ಅಂತ ನಾನು ಇವತ್ತಿಗೂ ನಂಬಿದ್ದೇನೆ. ಅವರ ಮಾತನ್ನು ನಿಯಮಾವಳಿಯಲ್ಲಿ ಹಾಗೇ ಬರೆಸಿದೆವು. ಜೊತೆಗೆ ಇನ್ನೆರಡು ಸಾಲು ಸೇರಿಸಿದೆವು: ಏಳು ಜನ ನಿರ್ದೇಶಕರಲ್ಲಿ ಮೂವರು ಜಮೀನಿಲ್ಲದವರು, ಇಬ್ಬರು 30 ವರ್ಷದೊಳಗಿನವರು.

ನೋಂದಣಿಯ ಓಡಾಟ ಬೇಗ ಹೇಳಿ ಮುಗಿಸುತ್ತೇನೆ. ತುಮಕೂರಿನ ಒಬ್ಬ ಆಡಿಟರ್ ಕಮ್ಮಿ ಫೀಸಿಗೆ ಒಪ್ಪಿಕೊಂಡರು. ಎಲ್ಲ ಆನ್‌ಲೈನ್. ನಿರ್ದೇಶಕರಿಗೆ ಡಿಜಿಟಲ್ ಸಹಿ ಬೇಕು, ಅದಕ್ಕೆ ಮೊಬೈಲ್ ಕ್ಯಾಮೆರಾ ಮುಂದೆ ಕೂತು ಹೆಸರು ಹೇಳಬೇಕು. ಸಮಯ ತಿಂದಿದ್ದು ಇನಿಷಿಯಲ್. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ಕೆಲವು ಕಡೆ ಗಂಡನ ಹೆಸರು, ಕೆಲವು ಕಡೆ ಅಪ್ಪನ ಹೆಸರು. ಮೂವರು ಹೆಂಗಸರಿಗೆ ಪ್ಯಾನ್ ಕಾರ್ಡೇ ಇರಲಿಲ್ಲ. ಒಂದು ಹೆಸರು ಸರಿ ಮಾಡಿಸಲು ಮೂರು ಸಲ ಮಧುಗಿರಿಗೆ ಹೋಗಿ ಬಂದೆವು, ಮೂರು ದಿನದ ಕೂಲಿ ಹೋಯಿತು. ನಾವು ಕೇಳಿದ ಮೊದಲ ಎರಡು ಹೆಸರು ಸಿಗಲಿಲ್ಲ. ಕೊನೆಗೆ 2021ರ ನವೆಂಬರ್‌ನಲ್ಲಿ ಪ್ರಮಾಣಪತ್ರ ಮೇಲ್‌ಗೆ ಬಂತು. ಪ್ರಿಂಟ್ ತೆಗೆಸಿ ದೊಡ್ಡಮ್ಮನ ಮನೆಗೆ ಒಯ್ದೆ. ಅವರು ನಿರ್ದೇಶಕರು. ಅವರಿಗೆ ಓದಲು ಬರಲ್ಲ. ಬೆರಳಿಟ್ಟು, ನಮ್ಮೂರಿನ ಹೆಸರು ಎಲ್ಲಿದೆ ತೋರಿಸು ಅಂದರು. ತೋರಿಸಿದೆ. ಅಲ್ಲೇ ಸ್ವಲ್ಪ ಹೊತ್ತು ಬೆರಳು ಇಟ್ಟುಕೊಂಡಿದ್ದರು.

ನೋಂದಣಿಯಾದ 90 ದಿನದೊಳಗೆ ಮೊದಲ ಸರ್ವ ಸದಸ್ಯರ ಸಭೆ ನಡೆಸಬೇಕು, 14 ದಿನ ಮುಂಚೆ ನೋಟಿಸ್ ಕೊಡಬೇಕು, ಸದಸ್ಯರಲ್ಲಿ ಕಾಲು ಭಾಗವಾದರೂ ಬರಬೇಕು. ನಮಗೆ 86 ಸದಸ್ಯರಿದ್ದರು, ಬಂದಿದ್ದು 71. ಆ ಸಭೆಯಲ್ಲಿ ನಾನು ಕೈ ಎತ್ತಿ ಓಟು ಹಾಕಿದೆ. ಎಲೆಕ್ಷನ್‌ನಲ್ಲಿ ಅದಕ್ಕೂ ಮುಂಚೆ ಓಟು ಹಾಕಿದ್ದೆ. ಆದರೆ ಹುಣಸೆ ಕೂಲಿ ಎಷ್ಟಿರಬೇಕು ಅಂತ ಯಾರೂ ನನ್ನನ್ನು ಕೇಳಿರಲಿಲ್ಲ. 12 ಇದ್ದ ಕೂಲಿ ಅವತ್ತು 18 ಆಯಿತು.

ಬಂಡವಾಳದ ವಿಷಯಕ್ಕೆ ಬರುತ್ತೇನೆ. ತಲೆಗೆ 500 ರೂಪಾಯಿ ಷೇರು, 86 ಜನರಿಂದ 43,000. ಅಷ್ಟರಲ್ಲಿ ಎಷ್ಟು ಹಣ್ಣು ಕೊಳ್ಳಬಹುದು? ಬ್ಯಾಂಕಿನವರು ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಿದರು. ನಮಗೆ ಮೂರು ತಿಂಗಳೂ ಆಗಿರಲಿಲ್ಲ. ಹತ್ತು ಸಾವಿರ ಎಫ್‌ಪಿಒ ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಶುರುವಾಗಿತ್ತು. ಸದಸ್ಯರು ಹಾಕಿದಷ್ಟೇ ಷೇರು ಹಣವನ್ನು ಅನುದಾನವಾಗಿ ಕೊಡುತ್ತಿದ್ದರು, ಒಂದು ಕಂಪನಿಗೆ 15 ಲಕ್ಷದವರೆಗೆ. ಆದರೆ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕಿತ್ತು. ಸುಮ್ನೆ ಹೆಸರು ಸೇರಿಸಿ 300 ಮಾಡಿಬಿಡಿ ಅಂತ ಕೆಲವರು ಹೇಳಿದರು. ಬೇಡ ಅಂತ ತೀರ್ಮಾನ ಮಾಡಿದೆವು. ಹೆಸರಿಗೆ ಮಾತ್ರ ಸದಸ್ಯರಾದವರು ಸಭೆಗೆ ಬರಲ್ಲ, ಬರದವರ ಹೆಸರಲ್ಲಿ ಬೇರೆ ಯಾರೋ ಆಳುತ್ತಾರೆ.

ಕೊನೆಗೆ ದುಡ್ಡು ಕೊಟ್ಟಿದ್ದು ಊರಿನ ಎರಡು ಮಹಿಳಾ ಸ್ವಸಹಾಯ ಸಂಘಗಳು. ಒಂದು ಲಕ್ಷ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ.

2022ರ ಸುಗ್ಗಿಗೆ ಶಾಲೆ ಹತ್ತಿರದ ಒಂದು ಶೆಡ್ ಬಾಡಿಗೆಗೆ ಹಿಡಿದು ಎಲೆಕ್ಟ್ರಾನಿಕ್ ತಕ್ಕಡಿ ತಂದೆವು. ಕಾನೂನು ಮಾಪನ ಇಲಾಖೆಯವರಿಂದ ಸೀಲ್ ಹಾಕಿಸಿದೆವು. ಪರದೆ ತೂಕ ಹಾಕುವವರ ಕಡೆಗಲ್ಲ, ತೂಕ ಹಾಕಿಸುವವರ ಕಡೆಗೆ ತಿರುಗಿಸಿ ಇಟ್ಟೆವು. ಮೊದಲ ದಿನ ಒಬ್ಬ ಅಕ್ಕ ಚೀಲ ಇಟ್ಟು, ಪರದೆ ನೋಡಿ, ಚೀಲ ಇಳಿಸಿ, ಮತ್ತೆ ಇಟ್ಟರು. ಎರಡೂ ಸಲ ಒಂದೇ ಅಂಕಿ ಬಂತು. “ಚೀಲದ ಕಡಿತ ಎಷ್ಟು?” ಅಂತ ಕೇಳಿದರು. ಇಷ್ಟು ವರ್ಷ ಚೀಲಕ್ಕೆ ಒಂದು ಕೆಜಿ ಮುರಿದುಕೊಳ್ಳುತ್ತಿದ್ದರಂತೆ. ಖಾಲಿ ಚೀಲವನ್ನೇ ತೂಗಿ ತೋರಿಸಿದೆವು. ಅರ್ಧ ಕೆಜಿಯೂ ಇರಲಿಲ್ಲ. ಅವರು ಏನೂ ಹೇಳದೆ ಚೀಟಿ ತಗೊಂಡು ಹೋದರು. ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ಬೆಳಗ್ಗೆ ಯಾರು ಮೊದಲು ಬರುತ್ತಾರೋ ಅವರು 5 ಕೆಜಿ ತೂಕದ ಬಟ್ಟನ್ನು ತಕ್ಕಡಿ ಮೇಲಿಟ್ಟು ಅಂಕಿಯನ್ನು ಜೋರಾಗಿ ಹೇಳಬೇಕು.

ಬೀಜದ ಲೆಕ್ಕ ನನ್ನ ಕಣ್ಣು ತೆರೆಸಿತು. ಹಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ತಿರುಳು, ಮೂರನೇ ಒಂದು ಪಾಲು ಬೀಜ, ಉಳಿದದ್ದು ಸಿಪ್ಪೆ ಮತ್ತು ನಾರು. ಬೀಜ ಪುಡಿಯಾಗಿ ಬಟ್ಟೆ ಗಿರಣಿಗೆ ಹೋಗುತ್ತೆ, ನೂಲಿಗೆ ಗಂಜಿ ಹಾಕಲು. ಇಷ್ಟು ವರ್ಷ ನಮ್ಮ ಮನೆಗಳಿಂದ ಬೀಜದ ಚೀಲಗಳು ಎದ್ದು ಹೋಗುತ್ತಿದ್ದವು, ಅದಕ್ಕೆ ಬೆಲೆ ಇದೆ ಅಂತ ಯಾರೂ ಕೇಳಿರಲೇ ಇಲ್ಲ. ಆ ವರ್ಷ ಶೆಡ್ಡಿನ ಬಾಡಿಗೆ ಪೂರ್ತಿ ಬೀಜದ ದುಡ್ಡಿನಿಂದಲೇ ಕಟ್ಟಿದೆವು.

ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಮೊದಲ ವರ್ಷವೇ ಎರಡು ಪೆಟ್ಟು ತಿಂದೆವು. ಬೆಲೆ ಏರುವವರೆಗೆ ಇಟ್ಟುಕೊಳ್ಳೋಣ ಅಂತ 600 ಕೆಜಿ ತಿರುಳನ್ನು ಅದೇ ಶೆಡ್ಡಿನಲ್ಲಿ ಇಟ್ಟೆವು. ಮೇಲೆ ತಗಡು. ಕೋಲ್ಡ್ ಸ್ಟೋರೇಜಿನಲ್ಲಿ ಆ ಹೊತ್ತಿಗೆ ಜಾಗ ಸಿಗಲಿಲ್ಲ, ಮೊದಲೇ ಹಿಡಿದಿಡಬೇಕು ಅಂತ ನಮಗೆ ತಿಳಿದಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಹಣ್ಣು ಕಪ್ಪಾಯಿತು. ಕೆಜಿಗೆ 35 ರೂಪಾಯಿ ಕಮ್ಮಿಗೆ ಮಾರಬೇಕಾಯಿತು. 21,000 ಹೋಯಿತು.

ಎರಡನೆಯ ಪೆಟ್ಟು ನನ್ನಿಂದಲೇ ಬಿತ್ತು. ಕಂಪನಿಯ ವಾರ್ಷಿಕ ಲೆಕ್ಕದ ಎರಡು ಫಾರಂ ಸಲ್ಲಿಸುವುದು ತಡವಾಯಿತು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. 40 ದಿನ ತಡ, 8,000 ರೂಪಾಯಿ. ಅದು 16 ಹೆಂಗಸರ ಷೇರು ಹಣ. ಸಭೆಯಲ್ಲಿ ಎದ್ದು ನಿಂತು ಹೇಳಿದೆ, ಗಂಟಲು ಕಟ್ಟಿತ್ತು. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ, “ಗೋಡೆ ಮೇಲೆ ಬರ್ದಾಕವ್ವ, ನಾವೂ ಜ್ಞಾಪಿಸ್ತೀವಿ” ಅಂದರು. ಈಗ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಎಲ್ಲ ತಾರೀಕು ಇದೆ. ನಿರ್ದೇಶಕರ ಕೆವೈಸಿ, ವಾರ್ಷಿಕ ಸಭೆ, ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿ ಸಭೆ. ಹೊಸದಾಗಿ ಕಂಪನಿ ಕಟ್ಟುವವರಿಗೆ ಹೇಳುತ್ತೇನೆ: ಸಂತೆಯಲ್ಲಿ ನಷ್ಟ ಆದರೆ ಕಣ್ಣಿಗೆ ಕಾಣುತ್ತೆ, ಈ ಶುಲ್ಕ ಕಾಣಲ್ಲ. ದಿನಾ ಬೆಳೆಯುತ್ತೆ. ತೆರಿಗೆ ವಿಷಯದಲ್ಲಿ ಅಷ್ಟು ಕಷ್ಟ ಇಲ್ಲ. ಒಣ ಹುಣಸೆಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ತೆಗೆದಿದ್ದಾರೆ.

ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಅವಕಾಶ ಇದೆ. ಸರಕು ತಗೊಳ್ಳುವಾಗ ಬೆಲೆಯ ಒಂದು ಭಾಗ ಕೊಟ್ಟು, ಉಳಿದದ್ದನ್ನು ಮಾರಾಟವಾದ ಮೇಲೆ ಕೊಡಬಹುದು. ವರ್ಷದ ಕೊನೆಗೆ ಮಿಕ್ಕಿದ್ದರಲ್ಲಿ ಬೋನಸ್ ಕೊಡಬಹುದು. ಅದನ್ನು ಷೇರು ಎಷ್ಟಿದೆ ಅಂತ ನೋಡಿ ಹಂಚುವುದಲ್ಲ, ಯಾರು ಕಂಪನಿ ಜೊತೆ ಎಷ್ಟು ವ್ಯವಹಾರ ಮಾಡಿದ್ದಾರೆ ಅಂತ ನೋಡಿ ಹಂಚುವುದು. ಮೊದಲ ಭಾಗವನ್ನು ಮಾಡಲು ಹೋದೆವು. ಹೆಂಗಸರು ಒಪ್ಪಲಿಲ್ಲ. “ಆಮೇಲೆ ಕೊಡ್ತೀವಿ ಅನ್ನೋ ಮಾತು ಬಾಳಾ ಕೇಳಿದ್ದೀವಿ” ಅಂದರು. ಅವರು ಹೇಳಿದ್ದು ಸರಿ. ಅವತ್ತಿನ ಕೂಲಿ ಅವತ್ತೇ ಕೊಡುವುದು, ಬೋನಸ್ ಮಾತ್ರ ಆಮೇಲೆ ಅಂತ ಬದಲಾಯಿಸಿದೆವು.

ಕುಟ್ಟುವ ಹೆಂಗಸರಲ್ಲಿ ಅರ್ಧ ಜನ ಎರಡನೇ ವರ್ಷವೂ ನಮ್ಮ ಕಡೆ ಬರಲಿಲ್ಲ. ಸದಸ್ಯರಾಗಿದ್ದರೂ ಬರಲಿಲ್ಲ. ಕಾರಣ ಮುಂಗಡ. ಜೂನ್‌ನಲ್ಲಿ ಮೂರು ಸಾವಿರ ತಗೊಂಡರೆ ಫೆಬ್ರವರಿಯ ಕೈ ಅವರದಲ್ಲ. ನಾವು ಎಷ್ಟು ಜಾಸ್ತಿ ಕೂಲಿ ಕೊಟ್ಟರೂ ಜೂನ್‌ನಲ್ಲಿ ದುಡ್ಡು ಕೊಡಲು ನಮ್ಮ ಹತ್ತಿರ ಇರಲಿಲ್ಲ. ಇದನ್ನು ಬದಲಾಯಿಸಿದ್ದು ನಾವಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರಲು ಶುರುವಾಯಿತು. ಆ ದುಡ್ಡಿನಲ್ಲಿ ಕಾಲೋನಿಯ ಹಲವರು ಹಳೇ ಮುಂಗಡ ತೀರಿಸಿದರು. ಬಿಟ್ಟಿ ದುಡ್ಡು ಅಂತ ಟಿವಿಯಲ್ಲಿ ಮಾತಾಡುವುದು ಕೇಳಿದಾಗ ನನಗೆ ಸಂಕಟವಾಗುತ್ತೆ. ನಮ್ಮೂರಲ್ಲಿ ಅದು ಒಬ್ಬ ಹೆಂಗಸಿಗೆ ‘ಈ ವರ್ಷ ಮುಂಗಡ ಬೇಡ’ ಅನ್ನುವ ಧೈರ್ಯ ಕೊಟ್ಟಿದೆ. ಕಂಪನಿಯ ಯಾವ ಕಾಗದವೂ ಅದನ್ನು ಕೊಟ್ಟಿರಲಿಲ್ಲ.

2024ರ ಸುಗ್ಗಿಗೆ ಶೆಡ್ ತುಂಬಿತು. ಕೂಲಿ 25 ಆಗಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಡಿಸೆಂಬರ್‌ನಲ್ಲೇ ಜಾಗ ಹಿಡಿದಿದ್ದೆವು. ಆ ವರ್ಷದ ಸಭೆಯಲ್ಲಿ ಮೊದಲ ಸಲ ಬೋನಸ್ ಹಂಚಿದೆವು, ಕುಟ್ಟಿದ ಕೆಜಿಗೆ 4 ರೂಪಾಯಿ. ದೊಡ್ಡಮ್ಮ 620 ಕೆಜಿ ಕುಟ್ಟಿದ್ದರು. 2,480 ರೂಪಾಯಿ ಬಂತು. ಅವರು ಚೀಟಿಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದರು. ಮೊಮ್ಮಗಳ ಕೈಲಿ ಕೂಡಿಸಿ ತಂದಿದ್ದರು. ಅವರ ಲೆಕ್ಕವೂ ನನ್ನ ಲೆಕ್ಕವೂ ಒಂದೇ ಇತ್ತು.

ಆ ಸುಗ್ಗಿಯಲ್ಲಿ 11 ಕೆಜಿ ಕುಟ್ಟಿದವರಿಗೆ ದಿನಕ್ಕೆ 275 ರೂಪಾಯಿ ಕೂಲಿ. ಅದೇ ಹೊತ್ತಿಗೆ ಉದ್ಯೋಗ ಖಾತ್ರಿ ಕೂಲಿ 316 ಆಗಿತ್ತು. ನಾವು ಇನ್ನೂ ಅದನ್ನು ಮುಟ್ಟಿರಲಿಲ್ಲ. ಇದನ್ನು ಮುಚ್ಚಿಡಲು ನನಗೆ ಇಷ್ಟ ಇಲ್ಲ.

ಆರು ಜನರಲ್ಲಿ ಈಗ ಊರಲ್ಲಿರುವುದು ನಾಲ್ಕು. ಐಟಿಐ ಹುಡುಗ ಬೆಂಗಳೂರಿಗೆ ವಾಪಸ್ ಹೋದ, ಅಲ್ಲಿ 18,000 ಸಂಬಳ. ಕಂಪನಿಯಲ್ಲಿ ನನ್ನ ಸಂಬಳ 9,000. ಅವನನ್ನು ದೂರಲು ಆಗಲ್ಲ, ಅವನಿಗೆ ತಂಗಿ ಮದುವೆ ಇತ್ತು. ಊರಲ್ಲಿ ಉಳಿಯಿರಿ, ಹಳ್ಳಿ ಕಟ್ಟಿ ಅಂತ ಯುವಕರಿಗೆ ಹೇಳುವವರು ಸಂಬಳದ ಮಾತನ್ನೂ ಆಡಬೇಕು. ನನ್ನ ತಮ್ಮ 2023ರಲ್ಲಿ ಡಿಗ್ರಿ ಮುಗಿಸಿದ. ಯುವನಿಧಿಯ ಮೊದಲ 3,000 ಬಂದಾಗ ಅದರಲ್ಲಿ 500 ಕೊಟ್ಟು ಷೇರು ತಗೊಂಡ. ಕಳೆದ ಸಭೆಯಲ್ಲಿ ನಿಂತು, 30 ವರ್ಷದೊಳಗಿನ ನಿರ್ದೇಶಕರಿಗೆ ಬ್ಯಾಂಕ್ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಯಾಕಿಲ್ಲ ಅಂತ ಕೇಳಿದ. ಅದು ನನಗೇ ಹೊಳೆದಿರಲಿಲ್ಲ. ಅರ್ಧ ಗಂಟೆ ಜಗಳವಾಗಿ, ಕೈ ಎತ್ತಿಸಿ ಎಣಿಸಿದೆವು. ಈಗ ಚೆಕ್ಕಿಗೆ ಎರಡು ಸಹಿ, ಅದರಲ್ಲಿ ಒಂದು ಸಣ್ಣ ವಯಸ್ಸಿನವರದು.

ಈಗ ನಮ್ಮ ತಲೆಯಲ್ಲಿರುವುದು ಮರ. ಹುಣಸೆಗೆ ಬೋರ್‌ವೆಲ್ ಬೇಡ. ಶೇಂಗಾ ಕೈ ಕೊಟ್ಟ ವರ್ಷವೂ ಅದು ಫಲ ಕೊಡುತ್ತೆ. ಆದರೆ ರಸ್ತೆ ಅಗಲ ಮಾಡುವಾಗ ಹಳೇ ಮರಗಳು ಹೋದವು, ಹೊಸದನ್ನು ನೆಟ್ಟವರು ಕಮ್ಮಿ. ಬೀಜದಿಂದ ಬಂದ ಗಿಡ ಫಲಕ್ಕೆ ಬರಲು ಎಂಟು-ಹತ್ತು ವರ್ಷ ಬೇಕು, ಕಸಿ ಗಿಡವಾದರೆ ನಾಲ್ಕೈದು. ಜಮೀನಿಲ್ಲದವರು ಎಲ್ಲಿ ನೆಡಬೇಕು? ಊರ ರಸ್ತೆಯ ಎರಡೂ ಬದಿಯಲ್ಲಿ ನೆಡುತ್ತೇವೆ, ನೀರು ಹಾಕುತ್ತೇವೆ, ಫಲದ ಹಕ್ಕನ್ನು ನೆಟ್ಟವರ ಹೆಸರಿಗೆ ಬರೆದುಕೊಡಿ ಅಂತ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇವೆ. ಗಿಡ ನೆಡುವುದಕ್ಕೆ ಒಪ್ಪಿದ್ದಾರೆ. ಹಕ್ಕಿನ ಮಾತಿಗೆ ‘ಆಮೇಲೆ ನೋಡೋಣ’ ಅಂದಿದ್ದಾರೆ.

ಬಾಯಿಮಾತು ಸಾಕಾಗಲ್ಲ ಅಂತ ಈಗ ಎಲ್ಲರಿಗೂ ಗೊತ್ತು. ಅರ್ಜಿಯ ಸ್ವೀಕೃತಿ ಚೀಟಿ ದೊಡ್ಡಮ್ಮನ ಬಿಸ್ಕತ್ ಡಬ್ಬಿಯಲ್ಲಿದೆ. ಮುಂದಿನ ವಾರ್ಡ್ ಸಭೆಗೆ ನಲವತ್ತು ಜನ ಹೋಗುವುದು ಅಂತ ಮಾತಾಗಿದೆ. ಗೂಡ್ಸ್ ಆಟೋ ಮೂರು ಟ್ರಿಪ್ ಹೊಡೆಯಬೇಕು, ಡೀಸೆಲ್ಲಿಗೆ ತಲೆಗೆ ಹತ್ತು ರೂಪಾಯಿ ಎತ್ತುತ್ತಿದ್ದೇವೆ.